ಆರು ವಿಷಯಕ್ಕೆ ಒಬ್ಬ ಮಾಸ್ತರು

ಮಗು ಎಂಟನೇ ತರಗತಿಗೆ ಬಂದು ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ತಂದರೆ ಸಾಕು, ನಮ್ಮ ಕಡೆ ಪಾಲಕರ ಬಾಯಿಂದ ಹೊರಡುವ ಮೊದಲ ಮಾತು ‘ಎಲ್ಲೆರೆ ಟ್ಯೂಷನ್ ಹಚ್ಚಬೇಕು’ ಎಂಬುದು. ಹಾನಗಲ್ ಇರಲಿ, ಶಿಗ್ಗಾವಿ ಇರಲಿ, ಸವಣೂರು, ಹಿರೇಕೆರೂರು ಇರಲಿ, ಈ ಮಾತಿಗೆ ಎದುರು ಹೇಳುವವರು ಸಿಗುವುದಿಲ್ಲ. ಹತ್ತಿಪ್ಪತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ ಹೇಳುವ ಟ್ಯೂಷನ್ನಿಗಿಂತ ಮನೆಗೇ ಮಾಸ್ತರು ಬಂದು ಒಂದೇ ಮಗುವಿಗೆ ಹೇಳುವುದು ಮೇಲು ಎಂಬ ನಂಬಿಕೆಯೂ ಇದರ ಜೊತೆಗೇ ಬೆಳೆದಿದೆ. ಒಬ್ಬ ವಿದ್ಯಾರ್ಥಿ, ಒಬ್ಬ ಮಾಸ್ತರು. ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಆರೂ ಅವರೊಬ್ಬರ ಹೆಗಲಿಗೆ. ದುಡ್ಡು ಉಳ್ಳವರು ಹಾಗೆ ಮಾಡುತ್ತಾರೆ, ಇಲ್ಲದವರು ಹಾಗೆ ಮಾಡಲಾಗಲಿಲ್ಲವಲ್ಲ ಎಂದು ಕೊರಗುತ್ತಾರೆ. ಇಬ್ಬರ ನಂಬಿಕೆಯೂ ಒಂದೇ: ಶಾಲೆಯಲ್ಲಿ ಆಗದ್ದು ಮನೆಪಾಠದಲ್ಲಿ ಆಗುತ್ತದೆ. ಈ ನಂಬಿಕೆ ತಪ್ಪು ಎಂದು ವಾದಿಸಲು ಈ ಲೇಖನ. ಮಗುವಿಗೆ ಒಬ್ಬರ ಪ್ರತ್ಯೇಕ ಗಮನ ಬೇಕು ಎಂಬ ಪಾಲಕರ ಅನಿಸಿಕೆ ಸರಿಯಾದದ್ದೇ. ಆದರೆ ಆ ಗಮನವನ್ನು ಎಲ್ಲ ವಿಷಯದ ಮನೆಪಾಠದ ರೂಪದಲ್ಲಿ ಕೊಂಡುಕೊಳ್ಳಲು ಹೋದಾಗ ಸಿಗುವುದು ಬೇರೆಯೇ ಪದಾರ್ಥ. ಸಿಗಬೇಕಾದದ್ದು ಶಾಲೆಯ ಅಂಗಳದಲ್ಲೇ ಉಳಿದುಹೋಗುತ್ತದೆ.

ಇದು ಹಾವೇರಿ ಜಿಲ್ಲೆಯೊಂದರ ಮಾತಲ್ಲ. ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಶಾಲಾ ಮಕ್ಕಳಲ್ಲಿ ಶೇಕಡಾ 27ರಷ್ಟು ಮಂದಿ ಆ ವರ್ಷ ಖಾಸಗಿ ಪಾಠಕ್ಕೆ ಹೋಗಿದ್ದವರು, ನಗರಗಳಲ್ಲಿ ಶೇ. 30.7, ಹಳ್ಳಿಗಳಲ್ಲಿ ಶೇ. 25.5. ನಗರಕ್ಕೂ ಹಳ್ಳಿಗೂ ಇರುವ ಅಂತರ ಇಷ್ಟು ಕಡಿಮೆ ಎಂಬುದೇ ಗಮನಿಸಬೇಕಾದ ಸಂಗತಿ. ಟ್ಯೂಷನ್ ಪೇಟೆಯವರ ಶೋಕಿಯಾಗಿ ಉಳಿದಿಲ್ಲ. ಎಂಟನೇ ತರಗತಿವರೆಗಿನ ಮಕ್ಕಳ ಬಗ್ಗೆ 2022ರ ‘ಅಸರ್’ (ವಾರ್ಷಿಕ ಶಿಕ್ಷಣ ಸ್ಥಿತಿ) ವರದಿ ಕೊಟ್ಟ ಅಂಕಿ ಇನ್ನೂ ಹೆಚ್ಚು ಮಾತಾಡುತ್ತದೆ: ಗ್ರಾಮೀಣ ಭಾರತದಲ್ಲಿ ದುಡ್ಡು ಕೊಟ್ಟು ಟ್ಯೂಷನ್ನಿಗೆ ಹೋಗುವ ಮಕ್ಕಳ ಪ್ರಮಾಣ 2018ರಲ್ಲಿ ಶೇ. 26.4 ಇದ್ದದ್ದು ನಾಲ್ಕು ವರ್ಷದಲ್ಲಿ ಶೇ. 30.5ಕ್ಕೆ ಏರಿತು. ಬಿಹಾರ ಮತ್ತು ಪಶ್ಚಿಮ ಬಂಗಾಳದಲ್ಲಿ ಅದು ಶೇ. 70ನ್ನೂ ದಾಟಿದೆ. ಟ್ಯೂಷನ್ನೇ ಮದ್ದಾಗಿದ್ದರೆ ಆ ಎರಡು ರಾಜ್ಯಗಳ ಮಕ್ಕಳು ಓದಿನಲ್ಲಿ, ಲೆಕ್ಕದಲ್ಲಿ ದೇಶಕ್ಕೇ ಮುಂದಿರಬೇಕಿತ್ತು. ಹಾಗೇನೂ ಆಗಿಲ್ಲ. ಶಾಲೆ ಸೊರಗಿದಲ್ಲಿ ಟ್ಯೂಷನ್ ಬೆಳೆಯುತ್ತದೆ, ಟ್ಯೂಷನ್ ಬೆಳೆದಲ್ಲಿ ಶಾಲೆ ಇನ್ನಷ್ಟು ಸೊರಗುತ್ತದೆ. ಕರ್ನಾಟಕ ಆ ಪಟ್ಟಿಯಲ್ಲಿ ಇನ್ನೂ ಕೆಳಗಿದೆ. ಅವರ ದಾರಿ ಹಿಡಿಯುವ ಮೊದಲು ನಿಂತು ಯೋಚಿಸಲು ನಮಗೆ ಸಮಯವಿದೆ ಎಂಬುದಷ್ಟೇ ಅದರ ಅರ್ಥ.

ಒಬ್ಬರಿಗೊಬ್ಬರು ಹೇಳುವ ಪಾಠವೇ ಶ್ರೇಷ್ಠ ಎನ್ನುವವರ ಕೈಯಲ್ಲಿ ಒಂದು ಬಲವಾದ ಸಾಕ್ಷ್ಯವಿದೆ. ಅದನ್ನು ಮೊದಲು ಎದುರಿಸಬೇಕು. ಶಿಕಾಗೊ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ಲೇಖನ ಶಿಕ್ಷಣ ಶಾಸ್ತ್ರದಲ್ಲಿ ಇಂದಿಗೂ ಹೆಸರುವಾಸಿ. ಒಬ್ಬ ಶಿಕ್ಷಕ ಒಂದೇ ಮಗುವಿಗೆ ಕಲಿಸಿದರೆ ಆ ಗುಂಪಿನ ಸಾಧಾರಣ ಮಗುವೂ ಮಾಮೂಲಿ ತರಗತಿಯ ನೂರರಲ್ಲಿ ತೊಂಬತ್ತೆಂಟು ಮಕ್ಕಳಿಗಿಂತ ಮುಂದೆ ಹೋಗುತ್ತದೆ ಎಂದು ಅವರು ತೋರಿಸಿದರು. ಮನೆಪಾಠದ ಪರ ಮಾತಾಡುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದೆ ಓದಿದರೆ ಕತೆಯೇ ಬೇರೆ. ಆ ಪ್ರಯೋಗಗಳಲ್ಲಿ ಕಲಿಸಿದ್ದು ಆರು ವಿಷಯಗಳನ್ನಲ್ಲ. ಸಂಭವನೀಯತೆ, ನಕ್ಷೆ ಓದುವ ವಿದ್ಯೆ, ಹೀಗೆ ಮಕ್ಕಳು ಮೊದಲು ಕಂಡಿರದ ಒಂದೊಂದೇ ಪಾಠವನ್ನು ಸುಮಾರು ಮೂರು ವಾರ ಕಲಿಸಿದರು. ಪ್ರತಿ ಹಂತದಲ್ಲೂ ಸಣ್ಣ ಪರೀಕ್ಷೆ ಕೊಟ್ಟು, ಮಗು ಎಲ್ಲಿ ಎಡವಿತು ಎಂದು ಹುಡುಕಿ, ಅದನ್ನು ತಿದ್ದಿ, ಆಮೇಲೆಯೇ ಮುಂದಕ್ಕೆ ಹೋದರು. ಅದಕ್ಕಿಂತ ಮುಖ್ಯವಾದದ್ದು ಬ್ಲೂಮ್ ಅವರ ಇನ್ನೊಂದು ಗುಂಪು. ಸುಮಾರು ಮೂವತ್ತು ಮಕ್ಕಳಿಗೆ ಒಬ್ಬರೇ ಶಿಕ್ಷಕರು, ಆದರೆ ಅದೇ ಪರೀಕ್ಷೆ, ಅದೇ ಹುಡುಕಾಟ, ಅದೇ ತಿದ್ದುಪಡಿ. ಆ ತರಗತಿಯ ಸಾಧಾರಣ ಮಗು ಮಾಮೂಲಿ ತರಗತಿಯ ನೂರರಲ್ಲಿ ಎಂಬತ್ನಾಲ್ಕು ಮಕ್ಕಳನ್ನು ದಾಟಿತು. ಅಂದರೆ ಲಾಭದ ಅರ್ಧ ಭಾಗ ಬಂದದ್ದು ಮಾಸ್ತರು ಎದುರಿಗೆ ಒಬ್ಬನನ್ನೇ ಕೂರಿಸಿಕೊಂಡದ್ದರಿಂದ ಅಲ್ಲ, ತಪ್ಪನ್ನು ಹುಡುಕಿ ತಿದ್ದಿದ್ದರಿಂದ. ಬ್ಲೂಮ್ ತಮ್ಮ ಲೇಖನದಲ್ಲಿ ಕೇಳಿಕೊಂಡ ಪ್ರಶ್ನೆಯೂ ಅದೇ: ಎಲ್ಲ ಮಕ್ಕಳಿಗೂ ಒಬ್ಬೊಬ್ಬ ಮಾಸ್ತರನ್ನು ಕೊಡುವುದು ಯಾವ ಸಮಾಜಕ್ಕೂ ಆಗದ ಮಾತು, ಹಾಗಾದರೆ ತರಗತಿಯಲ್ಲೇ ಅಷ್ಟು ಫಲ ತರುವುದು ಹೇಗೆ? ಅವರ ಲೇಖನ ಶಾಲೆಯನ್ನು ಸುಧಾರಿಸಲು ಹೊರಟದ್ದು. ಅದನ್ನು ಮನೆಪಾಠದ ಜಾಹೀರಾತು ಮಾಡುವುದು ಅನ್ಯಾಯ. 2011ರಲ್ಲಿ ಕರ್ಟ್ ವ್ಯಾನ್‌ಲೆನ್ ಅನೇಕ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಒಬ್ಬರಿಗೊಬ್ಬರ ಪಾಠದ ಪರಿಣಾಮ ಬ್ಲೂಮ್ ಹೇಳಿದ್ದರ ಅರ್ಧಕ್ಕೂ ಕಡಿಮೆ ಎಂದು ಕಂಡಿತು. ಅದೂ ಸಣ್ಣದಲ್ಲ, ಒಪ್ಪೋಣ. ಆದರೆ ಪವಾಡವಲ್ಲ.

ಈ ‘ತಪ್ಪು ಹುಡುಕುವುದು’ ಎಂದರೆ ಏನೆಂದು ಒಂದು ಲೆಕ್ಕ ಹಿಡಿದು ನೋಡೋಣ. ಹತ್ತನೇ ತರಗತಿಯ ವಿಜ್ಞಾನದಲ್ಲಿ ವಿದ್ಯುಚ್ಛಕ್ತಿಯ ಪಾಠವಿದೆ. 2 ಓಮ್ ಮತ್ತು 4 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಸೂತ್ರದಂತೆ 1/2 ಮತ್ತು 1/4 ಕೂಡಿಸಬೇಕು; 3/4 ಬರುತ್ತದೆ; ಅದನ್ನು ತಿರುವಿದರೆ ಉತ್ತರ 4/3 ಓಮ್. ಹುಡುಗಿ ಸೂತ್ರವನ್ನು ತಪ್ಪಿಲ್ಲದೆ ಬರೆಯುತ್ತಾಳೆ. ಆಮೇಲೆ ಮೇಲಿನ ಅಂಕಿಗೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿ 2/6 ಎನ್ನುತ್ತಾಳೆ. ತಿರುವಿದರೆ 3 ಓಮ್. ಉತ್ತರ ತಪ್ಪು, ಅಂಕ ಹೋಯಿತು, ‘ಇಕೀ ಸೈನ್ಸ್‌ನ್ಯಾಗ ವೀಕ್’ ಎಂಬ ಮಾತು ಮನೆಗೆ ಹೋಯಿತು. ಅವಳಿಗೆ ವಿಜ್ಞಾನದಲ್ಲಿ ಯಾವ ತೊಡಕೂ ಇಲ್ಲ. ತೊಡಕಿರುವುದು ಭಿನ್ನರಾಶಿಯಲ್ಲಿ. ಛೇದ ಸಮ ಮಾಡದೆ ಕೂಡಿಸಬಾರದು ಎಂಬುದು ಪ್ರಾಥಮಿಕ ಶಾಲೆಯಲ್ಲಿ ಗಟ್ಟಿಯಾಗಬೇಕಿತ್ತು, ಆಗಲಿಲ್ಲ. ಭೌತಶಾಸ್ತ್ರ ಬಲ್ಲ ಶಿಕ್ಷಕರಿಗೆ ಆ 3 ಓಮ್ ಕಂಡ ಕೂಡಲೇ ಎಚ್ಚರವಾಗುತ್ತದೆ. ಸಮಾಂತರ ಜೋಡಣೆಯಲ್ಲಿ ಒಟ್ಟು ರೋಧ ಚಿಕ್ಕ ರೋಧಕಕ್ಕಿಂತಲೂ ಕಡಿಮೆ ಇರಬೇಕು, 2ಕ್ಕಿಂತ ಹೆಚ್ಚು ಬರಲಿಕ್ಕೇ ಸಾಧ್ಯವಿಲ್ಲ ಎಂದು ಅವರು ಅವಳಿಗೇ ತೋರಿಸಿಕೊಡಬಲ್ಲರು. ಅಲ್ಲಿಂದ ಹಿಂದಕ್ಕೆ ಹೆಜ್ಜೆಯಿಟ್ಟು ಭಿನ್ನರಾಶಿಗೆ ಬಂದು ನಾಲ್ಕು ದಿನ ಅಲ್ಲೇ ನಿಲ್ಲಬಲ್ಲರು. ಆರು ವಿಷಯದ ಮನೆಪಾಠದಲ್ಲಿ ಇದು ನಡೆಯುವುದು ಅಪರೂಪ. ಅಲ್ಲಿ ನಾಳೆ ಒಪ್ಪಿಸಬೇಕಾದ ವಿಜ್ಞಾನದ ಮನೆಗೆಲಸವಿದೆ, ಅದರ ಹಿಂದೆ ಹಿಂದಿ ನೋಟ್ಸ್ ಇದೆ, ಅದರ ಹಿಂದೆ ಸಮಾಜ ವಿಜ್ಞಾನದ ಪ್ರಶ್ನೋತ್ತರ ಕಾದಿದೆ. ಮಾಸ್ತರು ಸರಿ ಉತ್ತರ ಹೇಳುತ್ತಾರೆ, ಹುಡುಗಿ ಬರೆದುಕೊಳ್ಳುತ್ತಾಳೆ, ಕಾಪಿ ಪೂರ್ಣವಾಗುತ್ತದೆ. ಬೇರಿಗೆ ರೋಗ ಹತ್ತಿದ ಹತ್ತಿಗಿಡದ ಎಲೆಗೆ ಎಣ್ಣೆ ಹೊಡೆದಂತೆ.

ಸಮಯದ ಲೆಕ್ಕ ಹಾಕಿದರೂ ಇದೇ ಕಾಣುತ್ತದೆ. ದಿನಕ್ಕೆ ಒಂದೂವರೆ ತಾಸು, ವಾರಕ್ಕೆ ಆರು ದಿನ ಮನೆಪಾಠ ಎಂದು ಇಟ್ಟುಕೊಳ್ಳಿ. ಒಟ್ಟು ಒಂಬತ್ತು ತಾಸು. ಆರು ವಿಷಯಕ್ಕೆ ಹಂಚಿದರೆ ವಿಷಯಕ್ಕೆ ಒಂದೂವರೆ ತಾಸು ಬೀಳುತ್ತದೆ, ಅದೂ ಇಡೀ ವಾರಕ್ಕೆ. ಶಾಲೆಯ ವೇಳಾಪಟ್ಟಿಯಲ್ಲಿ ಗಣಿತವೊಂದಕ್ಕೇ ಇದರ ದುಪ್ಪಟ್ಟಿಗೂ ಮಿಕ್ಕಿ ಅವಧಿಗಳಿರುತ್ತವೆ. ಅಷ್ಟರಲ್ಲಿ ಹಳೆಯ ಕೊರತೆಯನ್ನೂ ತುಂಬಿ ಹೊಸ ಪಾಠವನ್ನೂ ಮುಗಿಸಬಲ್ಲವರು ಯಾರು? ಹೇಳುವವರ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಎಷ್ಟೋ ಮಂದಿ ಬಿ.ಇಡಿ. ಮುಗಿಸಿ ನೇಮಕಾತಿಗೆ ಕಾಯುತ್ತ ಕೂತ ಬುದ್ಧಿವಂತ ತರುಣ ತರುಣಿಯರು. ಆದರೆ ನಮ್ಮ ಶಿಕ್ಷಣ ಇಲಾಖೆಯೇ ಒಬ್ಬರಿಂದ ಆರು ವಿಷಯ ಹೇಳಿಸುವುದಿಲ್ಲ ಎಂಬುದನ್ನು ಪಾಲಕರು ನೆನಪಿಡಬೇಕು. ಸರ್ಕಾರಿ ಪ್ರೌಢಶಾಲೆಯಲ್ಲಿ ಭಾಷೆಗಳಿಗೆ ಬೇರೆ ಬೇರೆ ಶಿಕ್ಷಕರು, ಸಮಾಜ ವಿಜ್ಞಾನಕ್ಕೆ ಕಲಾ ಶಿಕ್ಷಕರು. ವಿಜ್ಞಾನವನ್ನೇ ಎರಡು ಪಾಲು ಮಾಡಿ ಭೌತಶಾಸ್ತ್ರ-ಗಣಿತಕ್ಕೆ ಪಿಸಿಎಂ, ರಸಾಯನ-ಜೀವಶಾಸ್ತ್ರಕ್ಕೆ ಸಿಬಿಝಡ್ ಎಂದು ನೇಮಿಸುತ್ತಾರೆ. ಒಂದು ವಿಷಯವನ್ನು ಆಳವಾಗಿ ಬಲ್ಲವರಿಗೆ ಮಾತ್ರ ಆ ವಿಷಯದಲ್ಲಿ ಮಗು ಮಾಡುವ ತಪ್ಪಿನ ಒಳಗುಟ್ಟು ಗೊತ್ತಾಗುತ್ತದೆ ಎಂಬ ಅನುಭವ ಈ ವ್ಯವಸ್ಥೆಯ ಹಿಂದಿದೆ. ಪದವಿಯಲ್ಲಿ ಇತಿಹಾಸ ಓದಿದವರು ತ್ರಿಕೋನಮಿತಿಯನ್ನು ಹೇಳಿಕೊಡಬಹುದು. ಆದರೆ ಹಿಂದಿನ ರಾತ್ರಿ ಗೈಡ್ ನೋಡಿಕೊಂಡು ಬಂದು ಹೇಳುವ ಪಾಠದಲ್ಲಿ ಮಗುವಿನ ‘ಯಾಕೆ?’ ಎಂಬ ಪ್ರಶ್ನೆಗೆ ಜಾಗವಿರುವುದಿಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 125 ಪ್ರಥಮ ಭಾಷೆಗೆ ಮೀಸಲಾಗಿವೆ, ಬೇರೆ ಯಾವ ವಿಷಯಕ್ಕೂ ಅಷ್ಟಿಲ್ಲ. ಆದರೂ ಮನೆಪಾಠದಲ್ಲಿ ಸಮಯ ಸಾಲದಾದಾಗ ಮೊದಲು ಕೈಬಿಡುವುದು ಕನ್ನಡವನ್ನೇ, ‘ಅದನ್ನು ಅವನೇ ಓದಿಕೊಳ್ಳುತ್ತಾನೆ’ ಎಂಬ ಭರವಸೆಯಲ್ಲಿ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ಪ್ರೌಢಶಾಲೆಯಲ್ಲಿ ಇದೇ ಕನ್ನಡದ ಸ್ಥಾನಕ್ಕಾಗಿ ವರದಿ ಕೊಟ್ಟಿತ್ತು, ಅದಕ್ಕಾಗಿ ನಾಡೇ ಬೀದಿಗಿಳಿದಿತ್ತು. ಕನ್ನಡವನ್ನು ತಡವರಿಸದೆ ಓದಲಾರದ ಮಗು ಸಮಾಜ ವಿಜ್ಞಾನದಲ್ಲೂ ಗಣಿತದ ಹೇಳಿಕೆ ಲೆಕ್ಕಗಳಲ್ಲೂ ಸೋಲುತ್ತದೆ. ಆ ಸೋಲಿಗೆ ಕನ್ನಡ ಕಾರಣ ಎಂದು ಯಾರೂ ಹೇಳುವುದಿಲ್ಲ.

ಇಲ್ಲಿ ಒಂದು ಒಳ್ಳೆಯ ಆಕ್ಷೇಪ ಬರುತ್ತದೆ. ವಿಷಯದಿಂದ ವಿಷಯಕ್ಕೆ ಕೊರತೆಗಳು ಹೀಗೆ ಹರಿದಾಡುತ್ತವೆ ಎಂದ ಮೇಲೆ, ಮಗುವನ್ನು ಎಲ್ಲ ವಿಷಯಗಳಲ್ಲೂ ನೋಡುವ ಒಬ್ಬ ವ್ಯಕ್ತಿ ಇರುವುದೇ ಒಳ್ಳೆಯದಲ್ಲವೇ? ವಿಜ್ಞಾನದ ಸೋಲಿನ ಬೇರು ಗಣಿತದಲ್ಲಿದೆ ಎಂದು ಕಾಣುವುದು ಎರಡನ್ನೂ ಹೇಳುವವರಿಗೆ ತಾನೆ? ಎಲ್ಲ ವಿಷಯದ ಮನೆಪಾಠದ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೇ ಗಟ್ಟಿಯಾದದ್ದು. ಇಡೀ ಮಗುವನ್ನು ನೋಡುವ ಕಣ್ಣು ಬೇಕು, ನಿಜ. ಆದರೆ ಆ ಕಣ್ಣು ಶಾಲೆಯಲ್ಲಿ ಈಗಾಗಲೇ ಇದೆ. ಒಂದೇ ಮಗುವನ್ನು ಆರು ಕಡೆಯಿಂದ ಬಲ್ಲ ಆರು ಜನ ಒಂದೇ ಸಿಬ್ಬಂದಿ ಕೋಣೆಯಲ್ಲಿ ಕೂರುತ್ತಾರೆ. ವರ್ಗ ಶಿಕ್ಷಕರ ಕಪಾಟಿನಲ್ಲಿ ಆ ಮಗುವಿನ ಎಫ್‌ಎ, ಎಸ್‌ಎ (ರೂಪಣಾತ್ಮಕ, ಸಂಕಲನಾತ್ಮಕ) ಪರೀಕ್ಷೆಗಳ ಅಂಕಗಳೆಲ್ಲ ಇವೆ. ವರ್ಷಾರಂಭದಲ್ಲಿ ‘ಸೇತುಬಂಧ’ ಎಂಬ ಕಾರ್ಯಕ್ರಮವೇ ಇದೆ: ಹಿಂದಿನ ತರಗತಿಗಳಲ್ಲಿ ಏನು ಉಳಿದುಹೋಗಿದೆ ಎಂದು ಪೂರ್ವ ಪರೀಕ್ಷೆಯಿಂದ ಕಂಡುಕೊಂಡು, ಅದನ್ನು ಕಲಿಸಿ, ಸಾಫಲ್ಯ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುವುದು ಅದರ ಉದ್ದೇಶ. ಬ್ಲೂಮ್ ಹೇಳಿದ್ದಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಎಷ್ಟೋ ಶಾಲೆಗಳಲ್ಲಿ ಅದು ದಾಖಲೆ ತುಂಬುವ ಕೆಲಸವಾಗಿ ಮುಗಿಯುತ್ತದೆ ಎಂಬುದು ಶಿಕ್ಷಕರಿಗೂ ಗೊತ್ತು, ಅಧಿಕಾರಿಗಳಿಗೂ ಗೊತ್ತು. ನಮ್ಮ ಜಗಳ ಇರಬೇಕಾದದ್ದು ಅಲ್ಲಿ. ಇಡೀ ಮಗುವನ್ನು ನೋಡುವ ಕಣ್ಣು ತೆರೆಯಲಿ ಎಂದು ಶಾಲೆಯ ಬಾಗಿಲು ತಟ್ಟುವ ಬದಲು, ಸಂಜೆ ಇನ್ನೊಬ್ಬರನ್ನು ಮನೆಗೆ ಕರೆಸಿ ಸುಮ್ಮನಾಗುತ್ತಿದ್ದೇವೆ.

ಸುಮ್ಮನಾಗುವುದೇ ಇದರ ದೊಡ್ಡ ಹಾನಿ. ಊರಿನಲ್ಲಿ ಮಾತಿಗೆ ತೂಕವಿರುವವರು ಯಾರೋ ಅವರೇ ಮನೆಪಾಠ ಕೊಡಿಸುವ ಶಕ್ತಿ ಇರುವವರೂ ಹೌದು. ಅವರ ಮಗುವಿನ ಸಮಸ್ಯೆ ಸಂಜೆ ಬಗೆಹರಿಯಿತು ಎಂದಾದ ಮೇಲೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಎದ್ದು ನಿಂತು ‘ಗಣಿತದ ಶಿಕ್ಷಕರ ಹುದ್ದೆ ಯಾಕೆ ಖಾಲಿ ಇದೆ?’ ಎಂದು ಕೇಳುವವರು ಯಾರು? ಉಳಿದವರು ಕೂಲಿ ಬಿಟ್ಟು ಸಭೆಗೆ ಬರಲಾರರು. ಟ್ಯೂಷನ್ ಹೇಳುವವರು ಅದೇ ಶಾಲೆಯ ಶಿಕ್ಷಕರಾದರಂತೂ ಹಾನಿ ಇಮ್ಮಡಿ. ಅರ್ಥಶಾಸ್ತ್ರಜ್ಞೆ ಸೀಮಾ ಜಯಚಂದ್ರನ್ ನೇಪಾಳದ ಶಾಲೆಗಳನ್ನು ಅಧ್ಯಯನ ಮಾಡಿ 2014ರಲ್ಲಿ ತೋರಿಸಿದ್ದು ಇದನ್ನೇ: ಶಾಲೆ ಮುಗಿದ ಮೇಲೆ ಅದೇ ಮಕ್ಕಳಿಗೆ ದುಡ್ಡಿಗೆ ಹೇಳಿಕೊಡಲು ಅವಕಾಶವಿದ್ದಲ್ಲಿ ಶಿಕ್ಷಕರು ಶಾಲೆಯ ಪಾಠವನ್ನು ಕಡಿಮೆ ಮಾಡುತ್ತಾರೆ, ಅದರ ಪೆಟ್ಟು ಟ್ಯೂಷನ್ನಿಗೆ ಬರಲಾಗದ ಬಡ ಮಕ್ಕಳಿಗೆ ಬೀಳುತ್ತದೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ಅದೇ ಕಾಯ್ದೆಯ 24ನೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ, ಅದನ್ನು ಯಾರೂ ನೆನಪಿಸುವುದಿಲ್ಲ: ಪ್ರತಿ ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅಳೆದು, ಬೇಕಾದವರಿಗೆ ಹೆಚ್ಚುವರಿ ಬೋಧನೆ ಕೊಡುವುದು ಶಿಕ್ಷಕರ ಕರ್ತವ್ಯ. ಕಾಯ್ದೆಯ ವ್ಯಾಪ್ತಿ ಆರರಿಂದ ಹದಿನಾಲ್ಕು ವರ್ಷದವರೆಗೆ ಮಾತ್ರ. ಆದರೆ ಹತ್ತನೇ ತರಗತಿಯಲ್ಲಿ ಬಯಲಾಗುವ ಕೊರತೆಗಳು ಹುಟ್ಟುವುದು ಆ ವಯಸ್ಸಿನೊಳಗೇ. ದುಡ್ಡು ಕೊಟ್ಟು ಕೊಳ್ಳಲು ಹೊರಟಿರುವ ಪ್ರತ್ಯೇಕ ಗಮನ ಕಾನೂನಿನ ಪ್ರಕಾರ ಮಗುವಿಗೆ ಶಾಲೆಯಲ್ಲೇ ಸಲ್ಲಬೇಕಾದದ್ದು. ಇನ್ನು ಕೋಚಿಂಗ್ ಕೇಂದ್ರಗಳ ನಿಯಂತ್ರಣಕ್ಕೆಂದು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಅನ್ವಯಿಸುತ್ತದೆ. ಮನೆಯ ಪಡಸಾಲೆಯ ಪಾಠ ಯಾವ ಪರಿಶೀಲನೆಗೂ ಸಿಗುವುದಿಲ್ಲ. ಅಲ್ಲಿ ಮಗು ಏನು ಕಲಿಯಿತು ಎಂಬುದಕ್ಕೆ ಅಂಕಪಟ್ಟಿಯೊಂದೇ ಸಾಕ್ಷಿ.

ಆ ಅಂಕಪಟ್ಟಿಯನ್ನು ಎಷ್ಟು ನಂಬಬಹುದು? ರಾಜ್ಯದಲ್ಲಿ 2023ರ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕೋಣೆಗಳ ಮೇಲೆ ಕ್ಯಾಮೆರಾ ಕಣ್ಣಿಟ್ಟಿತು. ಫಲಿತಾಂಶ ಶೇ. 73.40ಕ್ಕೆ ಕುಸಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಟ್ಯೂಷನ್ ವ್ಯರ್ಥ ಎಂದು ಇದರಿಂದ ಸಾಬೀತಾಗುವುದಿಲ್ಲ, ಹಾಗೆ ಹೇಳಿದರೆ ಅತಿಯಾಗುತ್ತದೆ. ಆದರೆ ಹಿಂದಿನ ವರ್ಷಗಳ ಅಂಕಗಳಲ್ಲಿ ಕಲಿಕೆಯ ಪಾಲೆಷ್ಟು, ಉಳಿದದ್ದೆಷ್ಟು ಎಂಬ ಪ್ರಶ್ನೆಯಂತೂ ಏಳುತ್ತದೆ. ‘ಟ್ಯೂಷನ್ ಹಚ್ಚಿದ ಮೇಲೆ ನಮ್ಮ ಹುಡುಗನ ಅಂಕ ಏರಿತು’ ಎಂಬ ಮಾತನ್ನು ಪುರಾವೆ ಎಂದು ಒಪ್ಪುವ ಮೊದಲು ಆ ಪ್ರಶ್ನೆಗೆ ಉತ್ತರ ಬೇಕು. ಶಾಲೆಗಳೂ ಇಲ್ಲಿ ನಿರ್ದೋಷಿಗಳಲ್ಲ. ಹಿಂದುಳಿದ ಮಕ್ಕಳಿಗೆ ‘ಪಾಸಿಂಗ್ ಪ್ಯಾಕೇಜ್’ ಕೊಟ್ಟು, ಬರಬಹುದಾದ ಪ್ರಶ್ನೆಗಳಿಗಷ್ಟೇ ಉತ್ತರ ಉರು ಹೊಡೆಸುವ ರೂಢಿ ಶಾಲೆಯಲ್ಲೇ ಬೆಳೆದದ್ದು. ಮನೆಪಾಠ ಅದನ್ನು ಎಂಟನೇ ತರಗತಿಯಿಂದಲೇ ಶುರು ಮಾಡುತ್ತದೆ. ಮೂರು ವರ್ಷ ಪ್ರತಿ ಲೆಕ್ಕವನ್ನೂ ಪಕ್ಕದಲ್ಲೊಬ್ಬರು ಕೂತು ಬಿಡಿಸಿಕೊಟ್ಟ ಹುಡುಗ ಪಿಯುಸಿ ವಿಜ್ಞಾನಕ್ಕೆಂದು ಧಾರವಾಡಕ್ಕೆ ಹೋಗಿ ಕೋಣೆ ಹಿಡಿದಾಗ, ಪುಸ್ತಕ ತೆರೆದು ಒಬ್ಬನೇ ಕೂರುವುದನ್ನು ಮೊದಲ ಸಲ ಕಲಿಯಬೇಕಾಗುತ್ತದೆ. ತಾನೇ ತಿಣುಕಿ, ತಪ್ಪಿ, ಮತ್ತೆ ಮಾಡಿ ನೋಡುವ ಆ ಅರ್ಧ ತಾಸನ್ನು ಮಗುವಿನಿಂದ ಕಸಿದುಕೊಂಡರೆ ಕಲಿಕೆಯೇ ಉಳಿಯುವುದಿಲ್ಲ.

ಇನ್ನು ಈ ಮನೆಪಾಠ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬ ಮಾತು. ಅಕ್ಕಿಆಲೂರು, ಬಂಕಾಪುರ, ಹಂಸಭಾವಿಯಂಥ ದೊಡ್ಡ ಊರುಗಳ ಹೈಸ್ಕೂಲುಗಳಿಗೂ ತಾಲ್ಲೂಕು ಕೇಂದ್ರಗಳಿಗೂ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಪಾಸು ಹಿಡಿದು ಸರ್ಕಾರಿ ಬಸ್ಸಿನಲ್ಲಿ ಬರುತ್ತಾರೆ. ಸಂಜೆಯ ಬಸ್ಸು ತಪ್ಪಿದರೆ ಊರು ಮುಟ್ಟುವುದು ಕಷ್ಟ. ಟ್ಯೂಷನ್ ಶುರುವಾಗುವುದು ಆ ಬಸ್ಸು ಹೊರಟ ಮೇಲೆ. ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಹೊರಗೆ ಬಿಡಲು ಮನೆಯವರು ಹಿಂಜರಿಯುತ್ತಾರೆ. ಗಂಡು ಮಾಸ್ತರು ಮನೆಗೆ ಬಂದು ಮಗಳಿಗೆ ಒಬ್ಬಳಿಗೇ ಪಾಠ ಹೇಳುವುದಕ್ಕೂ ಅನೇಕರು ಒಪ್ಪರು. ಖರ್ಚು ಮಾಡುವುದಿದ್ದರೆ ಮಗನಿಗೆ ಮಾಡೋಣ ಎಂಬ ತೀರ್ಮಾನ ಸದ್ದಿಲ್ಲದೆ ಆಗಿಬಿಡುತ್ತದೆ. ಮೆಕ್ಕೆಜೋಳ, ಹತ್ತಿ ಕೊಯ್ಲಿನ ದಿನಗಳಲ್ಲಿ ಮಕ್ಕಳು ಹೊಲದ ಕೆಲಸಕ್ಕೂ ಕೈಹಚ್ಚುವ ತಾಲ್ಲೂಕುಗಳಿವು. ಅಂಥ ಮನೆಯ ಹುಡುಗಿಗೂ ಪಟ್ಟಣದ ನೌಕರರ ಮನೆಯ ಹುಡುಗನಿಗೂ ಒಂದೇ ಪ್ರಶ್ನೆಪತ್ರಿಕೆ. ಅವರಿಬ್ಬರೂ ಸಮನಾಗಿ ಕೂರುವ ಒಂದೇ ಜಾಗ ತರಗತಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯೊಳಗೆ ಏನು ಕೊಡುತ್ತೀರೋ ಅದಷ್ಟೇ ಇಬ್ಬರಿಗೂ ಸಿಗುತ್ತದೆ.

ಗುರು-ಶಿಷ್ಯ ಪರಂಪರೆಯನ್ನು ಮುಂದಿಡುವವರಿದ್ದಾರೆ. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರಿಗೆ ಕಳಸದ ಗೋವಿಂದಭಟ್ಟರು ಸಿಕ್ಕದ್ದು ಒಬ್ಬರಿಗೊಬ್ಬರಾಗಿಯೇ ಅಲ್ಲವೇ ಎನ್ನುತ್ತಾರೆ. ಗೋವಿಂದಭಟ್ಟರು ಜಾತಿ-ಧರ್ಮದ ಗೋಡೆ ದಾಟಿ ಒಬ್ಬ ಮುಸ್ಲಿಂ ತರುಣನನ್ನು ಶಿಷ್ಯನೆಂದು ಒಪ್ಪಿಕೊಂಡವರು. ಆ ಸಂಬಂಧದಲ್ಲಿ ತಿಂಗಳ ಫೀ ಇರಲಿಲ್ಲ, ನಾಳೆಯ ಮನೆಗೆಲಸವೂ ಇರಲಿಲ್ಲ. ಅದನ್ನು ತಂದು ಮನೆಪಾಠದ ಪಕ್ಕಕ್ಕೆ ಇಡುವುದು ಇಬ್ಬರಿಗೂ ಮಾಡುವ ಅವಮಾನ. ಈ ಸೀಮೆಯ ಬಡ ಮಕ್ಕಳು ಮೊದಲ ತಲೆಮಾರಿನ ಅಕ್ಷರಸ್ಥರಾದದ್ದು ಹೇಗೆಂದು ಇತಿಹಾಸದಲ್ಲಿ ಹುಡುಕಿದರೆ ಸಿಗುವುದು ಉಚಿತ ಪ್ರಸಾದ ನಿಲಯಗಳು: ಧಾರವಾಡದ ಮುರುಘಾಮಠದಂಥ ಕಡೆ ಊಟ, ದೀಪ, ಓದಲು ಜಾಗ, ತಿಳಿಯದ್ದನ್ನು ಕೇಳಲು ಮೇಲಿನ ತರಗತಿಯ ಹುಡುಗರು. ಆ ಮಕ್ಕಳಿಗೆ ಅಷ್ಟೇ ಸಾಕಾಯಿತು. ಎಲ್ಲರಿಗೂ ತೆರೆದಿತ್ತು ಎಂಬುದೇ ಅದರ ಬಲ.

ಇಷ್ಟೆಲ್ಲ ಕೇಳಿದ ಪಾಲಕರು ಕೇಳುವ ಪ್ರಶ್ನೆ ನನಗೆ ಗೊತ್ತು. ‘ನೀವು ಹೇಳುವುದು ಸರಿ. ಆದರೆ ನಮ್ಮ ಶಾಲೆಯಲ್ಲಿ ಅರ್ಧ ವರ್ಷ ಇಂಗ್ಲಿಷ್ ಮಾಸ್ತರೇ ಇರಲಿಲ್ಲ. ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಎರಡು ಪಾಠ ದಾಟಿತ್ತು. ನಾವು ಓದಿದವರಲ್ಲ, ಮನೆಯಲ್ಲಿ ಹೇಳಿಕೊಡಲಾರೆವು. ಸರ್ಕಾರ ಸರಿಹೋಗುವ ತನಕ ನಮ್ಮ ಮಗು ಕಾಯಬೇಕೇ?’ ಕಾಯಬಾರದು. ಒಂದು ಪಾಠ ತಿಳಿಯದಾಗ ಅದನ್ನು ಬಲ್ಲವರ ಬಳಿ ಹದಿನೈದು ದಿನ ಕೂತು ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲ. ಓದಲು ಬರೆಯಲು ವಿಶೇಷ ತೊಂದರೆ ಇರುವ ಮಕ್ಕಳಿಗೆ ಒಬ್ಬರಿಗೊಬ್ಬರ ಪಾಠ ಬೇಕೇ ಬೇಕು. ಆದರೆ ಅದನ್ನು ಹೇಳುವವರು ತರಬೇತಿ ಪಡೆದಿರಬೇಕು, ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಅದಕ್ಕೆಂದೇ ಸಂಪನ್ಮೂಲ ಶಿಕ್ಷಕರಿದ್ದಾರೆ. ನನ್ನ ವಿರೋಧ ವರ್ಷಗಟ್ಟಲೆ ನಡೆಯುವ, ಎಲ್ಲ ವಿಷಯವನ್ನೂ ಒಬ್ಬರಿಗೆ ಒಪ್ಪಿಸುವ, ಶಾಲೆಯ ಜಾಗಕ್ಕೇ ಬಂದು ಕೂರುವ ಮನೆಪಾಠಕ್ಕೆ. ಮಗುವಿಗೆ ತಡಮಾಡದೆ ನೆರವು ಬೇಕು ಎಂಬುದಕ್ಕೆ ಉತ್ತರ ಬೇರೆ ಇದೆ, ಅದು ಪರೀಕ್ಷೆಗೆ ನಿಂತು ಗೆದ್ದದ್ದೂ ಹೌದು. ಇಪ್ಪತ್ತೈದು ವರ್ಷದ ಹಿಂದೆ ವಡೋದರ ಮತ್ತು ಮುಂಬಯಿಯ ನಗರಪಾಲಿಕೆ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ‘ಬಾಲಸಖಿ’ ಎಂಬ ಪ್ರಯೋಗ ಮಾಡಿತು. ಅದೇ ಬಡಾವಣೆಯ, ಹೈಸ್ಕೂಲು ಮುಗಿಸಿದ ಹುಡುಗಿಯರು ಮೂರು-ನಾಲ್ಕನೇ ತರಗತಿಯಲ್ಲಿ ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳನ್ನು ಶಾಲೆಯ ಅವಧಿಯಲ್ಲೇ ದಿನಕ್ಕೆ ಎರಡು ತಾಸು ಬೇರೆ ಕೂರಿಸಿಕೊಂಡು, ಅವರು ನಿಂತ ಹಂತದಿಂದ ಕಲಿಸಿದರು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಅಳೆದು ನೋಡಿದಾಗ ಕಲಿಕೆ ಸ್ಪಷ್ಟವಾಗಿ ಏರಿತ್ತು, ಎಲ್ಲಕ್ಕಿಂತ ಹಿಂದುಳಿದ ಮಕ್ಕಳಲ್ಲಿ ಹೆಚ್ಚಾಗಿ ಏರಿತ್ತು. ಅದು ಪ್ರಾಥಮಿಕ ಶಾಲೆಯ ಮಾತಾಯಿತಲ್ಲ ಎನ್ನಬಹುದು. ಆದರೆ ಭಿನ್ನರಾಶಿಯ ತಪ್ಪನ್ನು ಹತ್ತನೇ ತರಗತಿಯಲ್ಲಿ ತಿದ್ದುವುದಕ್ಕೂ ಬೇಕಾದದ್ದು ಅದೇ ಕ್ರಮ. ಒಬ್ಬರಿಗೊಬ್ಬರ ಪಾಠವನ್ನೂ ಶಾಲೆಯಿಂದಲೇ ಕೊಡಬಹುದು: ನಮ್ಮದೇ ಸರ್ಕಾರ ‘ಗಣಿತ ಗಣಕ’ ಎಂಬ ಹೆಸರಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಶಿಕ್ಷಕರೇ ಫೋನ್ ಮಾಡಿ, ಮಗು ಇರುವ ಹಂತಕ್ಕೆ ತಕ್ಕಂತೆ ಲೆಕ್ಕ ಹೇಳಿಕೊಡುವ ಕಾರ್ಯಕ್ರಮ ನಡೆಸಿದೆ. ಕೊರೋನಾ ಕಾಲದ ‘ವಿದ್ಯಾಗಮ’ದಲ್ಲಿ ಇದೇ ಸರ್ಕಾರಿ ಶಿಕ್ಷಕರು ಗುಡಿಯ ಕಟ್ಟೆಗೆ, ಸಮುದಾಯ ಭವನಕ್ಕೆ ಬಂದು ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳಿದ್ದನ್ನು ಊರುಗಳು ಕಂಡಿವೆ. ಶಾಲೆಗೆ ಇದು ಆಗದ ಕೆಲಸ ಎನ್ನುವವರು ಆ ದಿನಗಳನ್ನು ನೆನೆಯಬೇಕು.

ಬಿ.ಇಡಿ. ಮುಗಿಸಿದ ತರುಣರ ಹೊಟ್ಟೆಪಾಡಿನ ಪ್ರಶ್ನೆಯೂ ಇಲ್ಲಿಯೇ ಬಗೆಹರಿಯಬಲ್ಲದು. ಅವರ ವಿದ್ಯೆ ಊರಿಗೆ ಬೇಕು. ಗಣಿತ ಬಲ್ಲವರು ಗಣಿತವನ್ನು, ಇಂಗ್ಲಿಷ್ ಬಲ್ಲವರು ಇಂಗ್ಲಿಷನ್ನು, ಶಾಲೆಯ ಕೊನೆಯ ಅವಧಿಯಲ್ಲಿ, ಸಂಜೆಯ ಬಸ್ಸು ಹೊರಡುವ ಮೊದಲು, ಒಂದೇ ಬಗೆಯ ಕೊರತೆ ಇರುವ ಹತ್ತು ಹನ್ನೆರಡು ಮಕ್ಕಳಿಗೆ ಹೇಳಲಿ. ಹತ್ತು ಮನೆಯವರು ಬೇರೆ ಬೇರೆಯಾಗಿ ಮನೆಪಾಠಕ್ಕೆ ಸುರಿಯುವ ದುಡ್ಡಿನ ಒಂದು ಪಾಲನ್ನು ಎಸ್‌ಡಿಎಂಸಿ ಮೂಲಕ ಒಟ್ಟುಗೂಡಿಸಿದರೆ, ಉಳಿದದ್ದನ್ನು ಗ್ರಾಮ ಪಂಚಾಯಿತಿಯಿಂದ, ಹಳೆಯ ವಿದ್ಯಾರ್ಥಿಗಳಿಂದ ಕೇಳಿ ಪಡೆದರೆ, ಅವರಿಗೆ ಮರ್ಯಾದೆಯ ಸಂಭಾವನೆ ಕೊಡಬಹುದು. ಕೊಡಲಾಗದ ಮನೆಯ ಮಗುವೂ ಅದೇ ಗುಂಪಿನಲ್ಲಿ ಕೂರಬಹುದು. ರಾತ್ರಿ ಓದಲು ಮನೆಯಲ್ಲಿ ಜಾಗವಿಲ್ಲದ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಪರೀಕ್ಷೆಯ ತಿಂಗಳುಗಳಲ್ಲಿ ತಡವಾಗಿ ಮುಚ್ಚುವಂತೆ ಕೇಳಬಹುದು. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಯೋಜನೆಯೂ ಬೇಡ. ಖಾಲಿ ಹುದ್ದೆಗಳನ್ನು ತುಂಬುವುದು ಮಾತ್ರ ಸರ್ಕಾರವೇ ಮಾಡಬೇಕಾದ ಕೆಲಸ. ಅದನ್ನು ಕೇಳುವ ಗಟ್ಟಿ ದನಿಯೂ ಇಂಥ ಒಗ್ಗಟ್ಟಿನಿಂದಲೇ ಹುಟ್ಟಬೇಕು.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಪಾಲಕರಲ್ಲಿ ನನ್ನ ಕೇಳಿಕೆ ಇಷ್ಟು. ಮನೆಪಾಠಕ್ಕೆ ಮುಂಗಡ ಕೊಡುವ ಮೊದಲು ಒಂದು ದಿನ ಶಾಲೆಗೆ ಹೋಗಿ. ಒಬ್ಬರೇ ಹೋಗಬೇಡಿ, ಓಣಿಯ ನಾಲ್ಕು ಮಂದಿಯನ್ನು ಕರೆದುಕೊಂಡು ಹೋಗಿ. ಅವರಲ್ಲಿ ಟ್ಯೂಷನ್ ಕೊಡಿಸುವ ಶಕ್ತಿ ಇಲ್ಲದವರೂ ಇರಲಿ. ಅಂಕ ಎಷ್ಟು ಬಂತು ಎಂದು ಕೇಳಬೇಡಿ. ನಮ್ಮ ಮಗುವಿನ ಸೇತುಬಂಧದ ಹಾಳೆ ತೋರಿಸಿ, ಯಾವ ಪಾಠದಲ್ಲಿ ಎಲ್ಲಿ ಎಡವಿದೆ ಹೇಳಿ, ಅದನ್ನು ಯಾರು ಯಾವ ಅವಧಿಯಲ್ಲಿ ತಿದ್ದುತ್ತೀರಿ ಎಂದು ಕೇಳಿ. ಉತ್ತರ ಸಿಗುವ ತನಕ ಪ್ರತಿ ತಿಂಗಳೂ ಕೇಳಿ.